ತಿಜೋರಿ ಮನೆಗೆ ಬಂದ ದಾರಿ

ನಿಮ್ಮ ಮನೆಯಲ್ಲಿ ಹಿರಿಯರ ಕಾಲದ ಕಬ್ಬಿಣದ ತಿಜೋರಿಯೊಂದಿದ್ದರೆ ಅದರ ಬೀಗದಕೈ ಎಲ್ಲಿದೆಯೆಂಬುದು ಮನೆಯ ಒಬ್ಬಿಬ್ಬರಿಗೆ ಮಾತ್ರ ಗೊತ್ತಿರುತ್ತದೆ. ಆದರೆ ತಿಜೋರಿ ಯಾವ ಕೋಣೆಯಲ್ಲಿದೆ ಎಂಬುದು ಊರಿಗೆಲ್ಲ ಗೊತ್ತು. ಗೊತ್ತಿಲ್ಲದೆ ಹೇಗಿದ್ದೀತು? ಅದನ್ನು ಗಾಡಿಯಿಂದ ಇಳಿಸಿ, ಹೊಸಿಲು ದಾಟಿಸಿ, ಮೂಲೆಗೆ ನಿಲ್ಲಿಸುವಾಗ ಕೈ ಹಚ್ಚಿದವರೇ ಊರವರು! ಚಿನ್ನದ ಸರವನ್ನು ಸೆರಗಿನಲ್ಲಿ ಮುಚ್ಚಿ ತರಬಹುದು. ಹಣದ ಗಂಟನ್ನು ಅಕ್ಕಿಯ ಚೀಲದಲ್ಲಿ ಅಡಗಿಸಿ ತರಬಹುದು. ತಿಜೋರಿಯನ್ನು ಹಾಗೆ ತರಲಾಗದು. ಗುಟ್ಟನ್ನು ಕಾಯಲೆಂದು ಕೊಂಡ ವಸ್ತು ಹಾಡುಹಗಲಿನಲ್ಲಿ, ಹತ್ತು ಜನರ ಎದುರಿಗೆ, ಗದ್ದಲವೆಬ್ಬಿಸಿಕೊಂಡೇ ಮನೆ ಹೊಗಬೇಕು. ಈ ವಿನೋದದ ಹಿಂದೆ ಒಂದು ದೊಡ್ಡ ಇತಿಹಾಸವೇ ಇದೆ. ಅದನ್ನು ತಿಳಿಯಲು ತಾವು ನನ್ನೊಡನೆ ಉತ್ತರ ಕನ್ನಡದ ಸುಂಕಸಾಳದವರೆಗೆ ಬರಬೇಕು.

ಹುಬ್ಬಳ್ಳಿಯಿಂದ ಹೊರಟು, ಯಲ್ಲಾಪುರವನ್ನು ಹಾದು, ಅರಬೈಲು ಘಟ್ಟವನ್ನಿಳಿದು ಅಂಕೋಲೆಗೆ ಹೋಗುವ ಹೆದ್ದಾರಿಯಲ್ಲಿ ಸುಂಕಸಾಳವಿದೆ. ಈಗ ಆ ದಾರಿಗೆ 52ನೆಯ ರಾಷ್ಟ್ರೀಯ ಹೆದ್ದಾರಿಯೆಂದು ಹೆಸರು. ಒಂದು ಕಡೆ ಕಾಡು ತುಂಬಿದ ಗುಡ್ಡ. ಇನ್ನೊಂದು ಕಡೆ ಗಂಗಾವಳಿ ಹೊಳೆ. ಧಾರವಾಡದ ಕಡೆ ಹುಟ್ಟಿ, ಬೇಡ್ತಿಯೆನಿಸಿಕೊಂಡು, ಮಾಗೋಡಿನಲ್ಲಿ ಧುಮುಕಿ ಕೆಳಗಿಳಿದ ಹೊಳೆ ಇದೇ. ಊರಿನ ಹೆಸರು ಕಿವಿಗೆ ಬಿದ್ದೊಡನೆ ಸುಂಕದ ನೆನಪಾಗುತ್ತದೆ. ಸುಂಕವೆಂಬುದು ನಮ್ಮ ನಾಡಿನಲ್ಲಿ ಬಹಳ ಹಳೆಯ ಮಾತು. ಚಾಲುಕ್ಯರ ಕಾಲದ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ ಎಂಬ ತೆರಿಗೆಗಳೂ ಸುಂಕವೆರ್ಗಡೆ ಎಂಬ ಅಧಿಕಾರಿಯೂ ಬರುತ್ತಾರೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯನ್ನು ನಾವು ಇಂದಿಗೂ ಆಡುತ್ತೇವೆ.

ಆ ಕಾಲದ ಘಟ್ಟದ ದಾರಿಗಳಲ್ಲಿ ಸರಕಿಗೆ ಅಳತೆಯೆಂದರೆ ಹೇರು. ಎತ್ತಿನ ಬೆನ್ನ ಮೇಲೆ ಎರಡೂ ಮಗ್ಗುಲಿಗೆ ತೂಗಿ ಬೀಳುವಂತೆ ಹೇರಿದ್ದೇ ಒಂದು ಹೇರು. ಮೆಣಸು, ಅಡಿಕೆ, ಅಕ್ಕಿ, ಉಪ್ಪು, ಬಟ್ಟೆ ಎಲ್ಲವೂ ಹೀಗೆ ಘಟ್ಟ ಹತ್ತಿದವು, ಇಳಿದವು. ಹದಿನೇಳನೆಯ ಶತಮಾನದಲ್ಲಿ ಇಂಗ್ಲಿಷರು ಕಾರವಾರದಲ್ಲಿ ಕೋಠಿ ಕಟ್ಟಿದ್ದು ಈ ಮೆಣಸಿನ ಮೇಲಿನ, ಘಟ್ಟದ ಮೇಲಣ ಅರಿವೆಯ ಮೇಲಿನ ಆಸೆಯಿಂದ. ಈಗ ಯೋಚಿಸಿ: ಎರಡು ಪಾಲು ಮಾಡಿ ಎತ್ತಿನ ಬೆನ್ನಿಗೇರಿಸಲು ಬಾರದ ವಸ್ತು ಆ ದಾರಿಯಲ್ಲಿ ಬರುವುದಾದರೂ ಹೇಗೆ? ಹಾಗಾಗಿ ಹಿಂದಿನವರ ಭಂಡಾರವೆಲ್ಲ ಮನೆಯಲ್ಲೇ ಹುಟ್ಟಿದ ಭಂಡಾರ. ನೆಲದಲ್ಲಿ ಹೂತಿಟ್ಟ ಕೊಡ, ಗೋಡೆಯೊಳಗಿನ ಗೂಡು, ಮನೆಯಲ್ಲೇ ಕೂತು ಬಡಗಿ ಮಾಡಿಕೊಟ್ಟ ಮರದ ಪೆಟ್ಟಿಗೆ. ಬತ್ತದ ಕಣಜದ ತಳದಲ್ಲಿ ಒಡವೆ ಇಟ್ಟ ಅಜ್ಜಿಯರ ಕಥೆಯನ್ನು ನಿಮ್ಮಲ್ಲಿ ಅನೇಕರು ಕೇಳಿರಬಹುದು.

ಇತ್ತ ಹೀಗಿರಲು ಅತ್ತ ಇಂಗ್ಲೆಂಡಿನಲ್ಲಿ ಬೀಗದ ಕಸಬು ಬೇರೆ ದಾರಿ ಹಿಡಿದಿತ್ತು. ಚಬ್ ಎಂಬ ಮನೆತನದವರು 1818ರಲ್ಲಿ ಹೊಸ ಬಗೆಯ ಬೀಗವೊಂದಕ್ಕೂ 1835ರಲ್ಲಿ ಕಳ್ಳರಿಗೆ ಬಗ್ಗದ ತಿಜೋರಿಗೂ ಹಕ್ಕುಪತ್ರ ಪಡೆದರು. ಮಿಲ್ನರ್ ಎಂಬಾತ 1840ರಲ್ಲಿ ಬೆಂಕಿಯ ಕಡೆಗೆ ಗಮನ ಕೊಟ್ಟ. ತಿಜೋರಿಗೆ ಎರಡು ಗೋಡೆ ಮಾಡಿ, ನಡುವೆ ಪಟಿಕದಂಥ ನೀರಿನಂಶವುಳ್ಳ ಲವಣವನ್ನು ತುಂಬುವುದು ಅವನ ಉಪಾಯ. ಬೆಂಕಿ ತಾಗಿದಾಗ ಅದು ಆವಿ ಬಿಡುತ್ತದೆ. ಒಳಗಿನ ಕಾಗದಪತ್ರ ಕರಿಕಾಗುವುದು ತಪ್ಪುತ್ತದೆ. ಕಳ್ಳನಿಗಾಗಿ ದಪ್ಪ ತಗಡು, ಬೆಂಕಿಗಾಗಿ ನಡುವಿನ ತುಂಬು: ಭಾರವೆಲ್ಲ ಬಂದದ್ದು ಹೀಗೆ. ನೀವೇ ಲೆಕ್ಕ ಹಾಕಿ ನೋಡಬಹುದು. ಒಂದು ಸೆಂಟಿಮೀಟರು ದಪ್ಪದ, ಒಂದು ಚದರ ಮೀಟರಿನ ಉಕ್ಕಿನ ತಗಡು ಸುಮಾರು 78 ಕಿಲೋ ತೂಗುತ್ತದೆ. ಒಂದು ಮೀಟರು ಎತ್ತರ, 60 ಸೆಂಟಿಮೀಟರು ಅಗಲ, ಅಷ್ಟೇ ಆಳದ ಬರಿಯ ಪೆಟ್ಟಿಗೆ ಮಾಡಿದರೂ ತೂಕ 240 ಕಿಲೋ ಮೀರಿತು. ಹಳೆಯ 40 ಸೇರಿನ ಮಣದ ಲೆಕ್ಕದಲ್ಲಿ ಆರೂವರೆ ಮಣ. ಇನ್ನು ಒಳಗಿನ ತುಂಬು, ಖಾನೆ, ಬೀಗ ಎಲ್ಲ ಬೇರೆ. ಒಂದು ಎತ್ತಿನ ಬೆನ್ನು ಇದನ್ನು ಹೊತ್ತೀತೆ?

ಅಂದಮೇಲೆ ತಿಜೋರಿಗಿಂತ ಮೊದಲು ಗಾಡಿ ಬರಬೇಕು. ಗಾಡಿಗಿಂತ ಮೊದಲು ರಸ್ತೆ ಬರಬೇಕು. ಅದನ್ನು ತಂದುಕೊಟ್ಟದ್ದು ಹತ್ತಿ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ತೊಡಗಿ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿಯ ಬರ ಬಂದಿತು. ಧಾರವಾಡ ಸೀಮೆಯ ಹತ್ತಿಯನ್ನು ಬೇಗ ಸಮುದ್ರಕ್ಕೆ ಇಳಿಸಬೇಕೆಂಬ ಆತುರದಲ್ಲಿ ಅವರ ಕಣ್ಣು ಸದಾಶಿವಗಡ–ಕಾರವಾರದ ಬಂದರಿನ ಮೇಲೆ ಬಿತ್ತು. ಮದರಾಸು ಇಲಾಖೆಯಲ್ಲಿದ್ದ ಉತ್ತರ ಕನ್ನಡವನ್ನು 1862ರಲ್ಲಿ ಮುಂಬಯಿ ಇಲಾಖೆಗೆ ಸೇರಿಸಲಾಯಿತು. ಘಟ್ಟಗಳಲ್ಲಿ ಗಾಡಿದಾರಿಗಳಾದವು. 1888ರಲ್ಲಿ ಮರ್ಮಗೋವೆಗೆ ರೈಲುದಾರಿ ತೆರೆದ ಮೇಲೆ ಹತ್ತಿ ಅತ್ತ ತಿರುಗಿತು, ಕಾರವಾರದ ಸಡಗರ ಇಳಿಯಿತು. ರಸ್ತೆ ಮಾತ್ರ ಉಳಿಯಿತು.

ಅಷ್ಟರಲ್ಲಿ ತಿಜೋರಿಯೂ ದೇಶೀಯವಾಗುವ ಕಾಲ ಬಂದಿತ್ತು. ಮುಂಬಯಿಯ ಅರ್ದೇಶಿರ್ ಗೋದ್ರೆಜರು 1897ರಲ್ಲಿ ಬೀಗ ಮಾಡಲು ತೊಡಗಿ, 1902ರಲ್ಲಿ ತಿಜೋರಿಗೆ ಕೈಹಾಕಿದರು. ಈಗಲೂ ನಮ್ಮಲ್ಲಿ ಉಕ್ಕಿನ ಕಪಾಟನ್ನು ಯಾರೇ ಮಾಡಿರಲಿ ಅದನ್ನು ‘ಗೋದ್ರೆಜ್’ ಎಂದೇ ಕರೆಯುವ ರೂಢಿ.

ಮುಂಬಯಿಯ ತಿಜೋರಿ ಸುಂಕಸಾಳದಂಥ ಊರಿಗೆ ಬರಬೇಕಾದರೆ ಎರಡು ದಾರಿ. ಸಮುದ್ರದ ಮೇಲೆ ಕಾರವಾರಕ್ಕೆ ಬಂದು ಅಲ್ಲಿಂದ ಒಳನಾಡಿಗೆ. ಇಲ್ಲವೆ ರೈಲಿನಲ್ಲಿ ಹುಬ್ಬಳ್ಳಿಗೆ ಬಂದು ಅಲ್ಲಿಂದ ಘಟ್ಟವಿಳಿದು. ಎರಡನೆಯದು ಗಾಡಿಯವನ ಪರೀಕ್ಷೆಯೇ ಸರಿ. ಅರಬೈಲಿನ ಇಳಿಜಾರಿನಲ್ಲಿ ಗಾಡಿಯನ್ನು ಎಳೆಯುವುದಕ್ಕಿಂತ ತಡೆಯುವುದೇ ಎತ್ತಿಗೆ ಹೆಚ್ಚಿನ ದುಡಿಮೆ. ಅಷ್ಟು ದೂರ ಬಂದ ಮೇಲೂ ಕೆಲಸದ ಅರ್ಧ ಉಳಿದಿರುತ್ತದೆ. ಹೆದ್ದಾರಿಯಿಂದ ಅಂಗಳಕ್ಕೆ, ಅಂಗಳದಿಂದ ಜಗಲಿಗೆ, ಜಗಲಿಯಿಂದ ನಡುಮನೆಗೆ ಇರುವುದು ನೂರು ಹೆಜ್ಜೆಯಾದರೂ ಅದೇ ಕಠಿಣವಾದ ದಾರಿ.

ಈ ಕೆಲಸದಲ್ಲಿ ಬಲಕ್ಕಿಂತ ಉಪಾಯ ದೊಡ್ಡದು. ತಿಜೋರಿಯನ್ನು ಯಾರೂ ಹೊರುವುದಿಲ್ಲ, ಉರುಳಿಸಿಕೊಂಡು ಹೋಗುತ್ತಾರೆ. ಮೊದಲು ಒಳಗಿನದನ್ನೆಲ್ಲ ತೆಗೆದು ಬಾಗಿಲಿಗೆ ಬೀಗ ಹಾಕುತ್ತಾರೆ, ನಡುದಾರಿಯಲ್ಲಿ ಬಾಗಿಲು ತೆರೆದುಕೊಂಡರೆ ತೂಕವೆಲ್ಲ ಒಂದು ಕಡೆ ವಾಲಿ ಅನಾಹುತವಾದೀತು. ನೆಲಕ್ಕೆ ಹಲಗೆ ಹಾಸಿ, ಅದರ ಮೇಲೆ ಮೂರು ನಾಲ್ಕು ದುಂಡನೆಯ ಮರದ ತುಂಡುಗಳನ್ನಿಡುತ್ತಾರೆ. ಹಾರೆಯನ್ನು ಸನ್ನೆಗೋಲು ಮಾಡಿ ತಿಜೋರಿಯ ಒಂದು ಅಂಚನ್ನು ಎಬ್ಬಿಸಿ ಆ ತುಂಡುಗಳ ಮೇಲೆ ಕೂರಿಸುತ್ತಾರೆ. ಐಸಾ ಎಂದು ಒಮ್ಮೆ ತಳ್ಳಿದರೆ ಒಂದು ಮೊಳ ಮುಂದೆ. ಹಿಂದೆ ಬಿಟ್ಟುಹೋದ ತುಂಡನ್ನು ಎತ್ತಿ ಮುಂದಕ್ಕೆ ಇಡಬೇಕು. ಹೊಸಿಲಿಗೆ ಎರಡೂ ಕಡೆ ಹಲಗೆ ಇಳಿಜಾರು ಮಾಡಿ, ಹಗ್ಗ ಕಟ್ಟಿ ಹಿಂದಿನಿಂದ ಹಿಡಿದುಕೊಳ್ಳಬೇಕು. ತಗ್ಗಿನ ಕಡೆ ಯಾರೂ ನಿಲ್ಲಬಾರದು. ಅಡಿಯಲ್ಲಿ ಬೆರಳು ತೂರಬಾರದು. ಜಾರಲು ತೊಡಗಿದ ತಿಜೋರಿಯನ್ನು ಹಿಡಿದು ನಿಲ್ಲಿಸುತ್ತೇನೆಂದು ಹೋದವನ ಕಾಲು ಉಳಿಯುವುದಿಲ್ಲ. ಇಡೀ ಗುಂಪಿಗೆ ಮಾತು ಹೇಳುವವನು ಒಬ್ಬನೇ ಇರಬೇಕು. ನಮ್ಮ ಊರುಗಳಲ್ಲಿ ತೇರೆಳೆದು ಪಳಗಿದವರಿಗೆ ಈ ಶಿಸ್ತನ್ನು ಕಲಿಸಿಕೊಡಬೇಕಾಗಿಲ್ಲ.

ಈಗ ಮೊದಲಿನ ಮಾತಿಗೆ ಬರೋಣ. ತಿಜೋರಿ ಒಳಗೆ ಬರುವ ಹೊತ್ತಿಗೆ ಅದರ ಭಾರವೆಷ್ಟು, ಮೂಲೆ ಯಾವುದು, ಬಾಗಿಲು ಯಾವ ಕಡೆಗೆ ತೆರೆಯುತ್ತದೆ ಎಂಬುದೆಲ್ಲ ಕೈಹಚ್ಚಿದವರಿಗೆ ತಿಳಿದಿರುತ್ತದೆ. ಅವರಿಗೆ ಊಟ ಹಾಕಿ ಕೂಲಿ ಕೊಟ್ಟು ಕಳಿಸಿದ ರಾತ್ರಿ ಮನೆಯ ಯಜಮಾನನನ್ನು ಕಾಯುವುದು ಯಾವುದು? ಕಬ್ಬಿಣವೆಂದು ಅವನು ತಿಳಿದಿರಬಹುದು. ನಿಜವಾಗಿ ಕಾಯುವುದು ಆ ಜನರ ಮೇಲಿನ ನಂಬಿಕೆ.

ಈ ಮಾತನ್ನು ಅಂಕೋಲಾ ಸೀಮೆಯ ಇತಿಹಾಸವೇ ಒಮ್ಮೆ ಒರೆಗೆ ಹಚ್ಚಿ ನೋಡಿತು. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದರು. ಅದರ ಬೆನ್ನಿಗೇ ಅಂಕೋಲಾ, ಸಿದ್ದಾಪುರ ತಾಲೂಕುಗಳಲ್ಲಿ ಕರನಿರಾಕರಣೆಯ ಚಳವಳಿ. ರೈತರು ಭೂಕಂದಾಯ ಕೊಡಲೊಲ್ಲೆವೆಂದರು. ಸರಕಾರ ಜಪ್ತಿಗೆ ಇಳಿಯಿತು. ದನಕರು, ಪಾತ್ರೆಪರಡಿ, ಕಡೆಗೆ ಭೂಮಿಯೇ ಹೋಯಿತು. ಕಳ್ಳನನ್ನು ಹೊರಗಿಡಬಲ್ಲ ತಿಜೋರಿ ಸರಕಾರದ ಆಜ್ಞಾಪತ್ರವನ್ನು ಹೊರಗಿಡಲಾರದು. ಅಲ್ಲಿ ಕೆಲಸಕ್ಕೆ ಬಂದದ್ದು ನೆರೆಹೊರೆ. ಸಿದ್ದಾಪುರದ ಕಡೆ, ಜಪ್ತಿಯಾದ ಆಸ್ತಿಯನ್ನು ಕೊಂಡವರ ಮನೆಯ ಮುಂದೆ ಹೆಂಗಸರು ಉಪವಾಸ ಕೂತರು. ಪರರ ಮನೆಯ ಸೊತ್ತು ಅಗ್ಗಕ್ಕೆ ಸಿಗುತ್ತದೆಂದು ಒಳಗೆ ತರುವವನಿಗೆ ಊರು ಹೇಳಿದ ಪಾಠ ಅದು. 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ಸಿನ ಮಂತ್ರಿಮಂಡಲ ಬಂದ ತರುವಾಯ ಕಳೆದುಕೊಂಡ ಭೂಮಿಯನ್ನು ಮರಳಿಸುವ ಕ್ರಮವಾಯಿತು.

ಮುಂಬಯಿಯಲ್ಲಿ 1944ರ ಏಪ್ರಿಲ್ 14ರಂದು ಬಂದರಿನಲ್ಲಿ ಮದ್ದು ತುಂಬಿದ ಹಡಗೊಂದು ಸಿಡಿದದ್ದನ್ನು ಹಿರಿಯರಿಂದ ಕೇಳಿರಬಹುದು. ಆ ಹಡಗಿನಲ್ಲಿ ಚಿನ್ನದ ಗಟ್ಟಿಗಳೂ ಇದ್ದವು. ಸಿಡಿತಕ್ಕೆ ಅವು ಚದುರಿ, ಒಂದು ಗಟ್ಟಿ ದೂರದ ಮನೆಯೊಂದರ ಛಾವಣಿಯನ್ನು ಒಡೆದು ಒಳಗೆ ಬಿತ್ತು. ಮನೆಯವರು ಅದನ್ನು ತೆಗೆದುಕೊಂಡು ಹೋಗಿ ಅಧಿಕಾರಿಗಳಿಗೆ ಒಪ್ಪಿಸಿದರು. ತಿಜೋರಿಯಿಲ್ಲದ ಜಾಗದಲ್ಲಿಯೂ ಚಿನ್ನ ಭದ್ರವಾಗಿದ್ದುದು ಹೀಗೆ!

ಸರಕಾರದ ಖಜಾನೆಯಲ್ಲಿ ಒಂದು ಪದ್ಧತಿಯಿದೆ: ಭದ್ರಕೋಣೆಗೆ ಎರಡು ಬೀಗ, ಎರಡು ಕೈ, ಇಬ್ಬರ ವಶ. ಇಬ್ಬರೂ ಬಂದಲ್ಲದೆ ಬಾಗಿಲು ತೆರೆಯದು. 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಹಕಾರಿ ಸಂಘ ಹುಟ್ಟಿದ್ದು, 1928ರಲ್ಲಿ ಉಡುಪಿಯ ಬ್ಯಾಂಕೊಂದು ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯಂತೆ ಪಿಗ್ಮಿ ಠೇವಣಿ ಕೂಡಿಸಿದ್ದು ಇದೇ ತತ್ವದ ವಿಸ್ತಾರ. ಭಾರವಾದ ಕಬ್ಬಿಣವನ್ನು ಬಡವನ ಮನೆಗೆ ಒಯ್ಯುವ ಬದಲು ಹತ್ತು ಜನರ ನಂಬಿಕೆಯನ್ನು ಒಂದು ಕಡೆ ಕೂಡಿಸಿದರು.

ಇನ್ನು ಹೊಳೆಯ ಮಾತು. 2019ರ ಆಗಸ್ಟಿನಲ್ಲಿ ಗಂಗಾವಳಿ ಉಕ್ಕಿ ದಂಡೆಯ ಊರುಗಳಿಗೆ ನುಗ್ಗಿತು. 2021ರ ಜುಲೈಯಲ್ಲಿ ಮತ್ತೆ ಉಕ್ಕಿ, ಮೇಲ್ಗಡೆಯ ಗುಳ್ಳಾಪುರದ ಸೇತುವೆಯನ್ನೇ ಕೊಚ್ಚಿಕೊಂಡು ಹೋಯಿತು. ಬೆಂಕಿಗೆ ಜಗ್ಗದ ತಿಜೋರಿ ನೀರಿಗೂ ಜಗ್ಗದೆಂದು ತಿಳಿಯಬೇಡಿ. ಬಾಗಿಲ ಸಂದಿಯಲ್ಲಿ ನೀರು ಇಳಿದರೆ ಒಳಗಿನ ಪತ್ರಗಳು ಮುದ್ದೆಯಾಗುತ್ತವೆ. ಕಳ್ಳ ಎತ್ತಲಾರದ್ದನ್ನು ನೆರೆ ಬಂದ ರಾತ್ರಿ ನಾವೂ ಎತ್ತಲಾರೆವು. ಆದ್ದರಿಂದ ಹೊಳೆಯ ದಂಡೆಯ ಮನೆಯಲ್ಲಿ ಭೂಮಿಯ ಕಾಗದಗಳು ತಿಜೋರಿಯ ಮೇಲಿನ ಖಾನೆಯಲ್ಲಿ, ಥಟ್ಟನೆ ಕೈಗೆ ಸಿಗುವಂತೆ, ನೀರು ತಾಗದ ಚೀಲದಲ್ಲಿರಲಿ.

ಇಂದು ಅನೇಕ ಮನೆಗಳಲ್ಲಿ ತಿಜೋರಿ ಬರಿದಾಗಿದೆ. ಒಡವೆ ಬ್ಯಾಂಕಿನ ಲಾಕರಿಗೆ ಹೋಗಿದೆ, ಮಕ್ಕಳು ದೂರದ ಊರಿಗೆ ಹೋಗಿದ್ದಾರೆ. ಹಳೆಯ ಮನೆಯನ್ನು ಬಿಚ್ಚುವಾಗ ಈ ತಿಜೋರಿಯನ್ನು ಏನು ಮಾಡುವುದೆಂಬ ಪ್ರಶ್ನೆ ಬರುತ್ತದೆ. ಅದನ್ನು ಹೊರಗೆ ತರಲೂ ಹಲಗೆ ಬೇಕು, ಉರುಳು ಬೇಕು, ಹಾರೆ ಬೇಕು, ಐಸಾ ಎನ್ನುವ ಹತ್ತು ಜನ ಬೇಕು. ಹಲಗೆ, ಹಾರೆಗಳು ಅಂಗಡಿಯಲ್ಲಿ ಸಿಗುತ್ತವೆ. ಕೂಗಿದರೆ ಬರುವ ಆ ಹತ್ತು ಜನರನ್ನು ಮಾತ್ರ ಮೊದಲಿನಿಂದ ಉಳಿಸಿಕೊಂಡು ಬಂದಿರಬೇಕು.