ಅನಲಾಗ್ ಮಂಡಲಗಳ ವಿಕಾಸ: ಅಂಕ ಕೊಡುವ ಜಾಗದ ಪ್ರಶ್ನೆ

ಅನಲಾಗ್ ಮಂಡಲದ ವಿನ್ಯಾಸ ಇಂದಿಗೂ ಬಹುಮಟ್ಟಿಗೆ ಅನುಭವಿಗಳ ಕೈಚಳಕವನ್ನೇ ನೆಚ್ಚಿದೆ. ವಿಕಾಸಾತ್ಮಕ ಅಲ್ಗಾರಿದಮ್ ಈ ಕೆಲಸವನ್ನು ಹುಡುಕಾಟವಾಗಿ ಮಾರ್ಪಡಿಸುತ್ತದೆ. ಯಾದೃಚ್ಛಿಕವಾಗಿ ಹೆಣೆದ ಮಂಡಲಗಳಿಗೆ ಅಂಕ ಕೊಟ್ಟು, ಮೇಲಾದವನ್ನು ಬೆರೆಸಿ, ಅಲ್ಲಲ್ಲಿ ಬದಲಿಸಿ ಮುಂದಿನ ಪೀಳಿಗೆಯನ್ನು ಪಡೆಯುವುದು ಅದರ ಕ್ರಮ. ಆ ಅಂಕವನ್ನು ಎಲ್ಲಿ ಕೊಡುತ್ತೇವೆ ಎಂಬುದರ ಮೇಲೆ ಹುಟ್ಟುವ ಮಂಡಲದ ಸ್ವಭಾವ ನಿಂತಿದೆ ಎಂಬುದು ನನ್ನ ವಾದ.

ಜಾನ್ ಕೋಜಾ ಮತ್ತು ಸಂಗಡಿಗರು 1990ರ ದಶಕದಲ್ಲಿ ಮಂಡಲದ ನಡತೆಯನ್ನು ಲೆಕ್ಕಹಾಕಿ ತೋರಿಸುವ ಸ್ಪೈಸ್ ಎಂಬ ಸಿಮ್ಯುಲೇಟರಿನಲ್ಲಿ ಅಂಕ ಕೊಟ್ಟರು. ಜಾರ್ಜ್ ಕ್ಯಾಂಪ್‌ಬೆಲ್ 1917ರಲ್ಲಿ ಪೇಟೆಂಟ್ ಪಡೆದಿದ್ದ ಏಣಿಯಾಕಾರದ ಫಿಲ್ಟರ್ ಅಲ್ಲಿ ಮತ್ತೆ ಮೂಡಿತು. ಪಠ್ಯಪುಸ್ತಕ ಓದಿದವರು ಗುರುತಿಸಬಲ್ಲ ಮಂಡಲವದು.

ಸಸೆಕ್ಸ್ ವಿಶ್ವವಿದ್ಯಾಲಯದ ಏಡ್ರಿಯನ್ ಥಾಂಪ್ಸನ್ 1996ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಂಕ ಬಂದದ್ದು ನೇರವಾಗಿ ಚಿಪ್ಪಿನಿಂದ. 1 ಕಿಲೋಹರ್ಟ್ಸ್ ಮತ್ತು 10 ಕಿಲೋಹರ್ಟ್ಸ್ ಚೌಕ ತರಂಗಗಳನ್ನು ಬೇರ್ಪಡಿಸಿ ತೋರಿಸಬೇಕು; ಬಳಸಲು ಇದ್ದದ್ದು, ಒಳಜೋಡಣೆಯನ್ನು ಬಿಟ್‌ಗಳಿಂದ ಬದಲಿಸಬಹುದಾದ ಝೈಲಿಂಕ್ಸ್ ಚಿಪ್ಪಿನ ಒಂದು ಮೂಲೆಯ 100 ಕೋಶ, 1800 ಬಿಟ್‌ಗಳ ವಿವರಣೆ. ಗೇಟುಗಳನ್ನು ಒಂದೇ ತಾಳಕ್ಕೆ ನಡೆಸುವ ಕ್ಲಾಕ್ ಕೊಡಲಿಲ್ಲ. ಚಿಪ್ ಡಿಜಿಟಲ್ ಕೆಲಸಕ್ಕೆಂದೇ ತಯಾರಾದದ್ದು; ಆದರೆ ಕ್ಲಾಕ್ ಇಲ್ಲದಿದ್ದಾಗ ಅದರ ಗೇಟುಗಳೂ ಟ್ರಾನ್ಸಿಸ್ಟರುಗಳೇ, ನಿರಂತರವಾಗಿ ಏರಿಳಿಯುವ ವೋಲ್ಟೇಜುಗಳೇ. ನ್ಯಾನೋಸೆಕೆಂಡುಗಳಲ್ಲಿ ಸ್ಪಂದಿಸುವ ಆ ಗೇಟುಗಳಿಂದ ಮಿಲಿಸೆಕೆಂಡಿನ ಅವಧಿಯನ್ನು ಅಳೆಯಬೇಕಿತ್ತು. 50 ಸದಸ್ಯರ ಸಮೂಹ ಕೆಲವು ಸಾವಿರ ಪೀಳಿಗೆಗಳಲ್ಲಿ ಅದನ್ನು ಸಾಧಿಸಿತು.

ಬಿಡಿಸಿ ನೋಡಿದಾಗ ಕೆಲವು ಕೋಶಗಳಿಗೆ ಔಟ್‌ಪುಟ್‌ವರೆಗೆ ತಂತಿಯ ದಾರಿಯೇ ಇರಲಿಲ್ಲ. ಆದರೂ ಅವನ್ನು ಸ್ತಬ್ಧಗೊಳಿಸಿದರೆ ಮಂಡಲ ಕುಂಟುತ್ತಿತ್ತು. ಅದೇ ವಿನ್ಯಾಸವನ್ನು ಚಿಪ್ಪಿನ ಬೇರೆ ಭಾಗಕ್ಕೆ ಸರಿಸಿದಾಗಲೂ, ಉಷ್ಣತೆ ವಿಕಾಸದ ವೇಳೆಯ ವ್ಯಾಪ್ತಿ ಮೀರಿದಾಗಲೂ ಕೆಲಸ ಕೆಟ್ಟಿತು. ಅಂಕಕ್ಕೆ ನೆರವಾದದ್ದೆಲ್ಲ, ಆ ಸಿಲಿಕಾನ್ ತುಂಡಿನ ವೈಯಕ್ತಿಕ ಗುಣವೂ ಸೇರಿ, ವಿನ್ಯಾಸದೊಳಕ್ಕೆ ಇಳಿದಿತ್ತು. ಇದನ್ನು ದೋಷವೆಂದು ತಳ್ಳಿಹಾಕುವುದು ಸರಿಯಲ್ಲವೆಂದು ನನಗನ್ನಿಸುತ್ತದೆ. ಕೇಳಿದ್ದಷ್ಟನ್ನು ಮಂಡಲ ಮಾಡಿತ್ತು. ಬೇರೆ ಜಾಗದಲ್ಲೂ ನಡೆಯಬೇಕೆಂದು ಯಾರೂ ಕೇಳಿರಲಿಲ್ಲ.

ಜಾನ್ ಬರ್ಡ್ ಮತ್ತು ಪಾಲ್ ಲೇಜೆಲ್ 2002ರಲ್ಲಿ ವರದಿ ಮಾಡಿದ ಪ್ರಯೋಗ ಇನ್ನೂ ಮುಂದಕ್ಕೆ ಹೋಯಿತು. ಆಂದೋಲಕ ಬೇಕೆಂದಾಗ ಹುಟ್ಟಿದ ಮಂಡಲವೊಂದು ತಾನಾಗಿ ಆಂದೋಲಿಸದೆ, ಹತ್ತಿರದ ಕಂಪ್ಯೂಟರು ಹೊರಸೂಸುತ್ತಿದ್ದ ರೇಡಿಯೋ ಸಂಕೇತವನ್ನೇ ಹಿಡಿದು ಹಿಗ್ಗಿಸಿ ಕೊಟ್ಟಿತು. ಬೋರ್ಡಿನ ಮೇಲಿನ ತಾಮ್ರದ ಗೆರೆಗಳೇ ಅದಕ್ಕೆ ಆಂಟೆನಾ ಆದವು.

ಹೀಗಿರುವಾಗ ಚಿಪ್ಪನ್ನು ಬಿಟ್ಟು ಸಿಮ್ಯುಲೇಟರಿಗೆ ಮರಳಿದರೆ, ಅದರ ಮಾದರಿಯಲ್ಲಿಲ್ಲದ ಭೌತಿಕ ಗುಣಗಳು ಹುಡುಕಾಟದ ಕೈಗೆ ಸಿಗುವುದಿಲ್ಲ. ಥಾಂಪ್ಸನ್ ಮುಂದೆ ಹಿಡಿದ ದಾರಿ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ: ಒಂದೇ ವಿನ್ಯಾಸವನ್ನು ಹಲವು ಚಿಪ್ಪುಗಳ ಮೇಲೆ, ಬೇರೆ ಬೇರೆ ಉಷ್ಣತೆಗಳಲ್ಲಿ ಓಡಿಸಿ, ಎಲ್ಲ ಕಡೆಯ ನಡತೆಯನ್ನೂ ಅಂಕಕ್ಕೆ ಸೇರಿಸುವುದು.