ಸ್ಟೀಗಲ್, ಹೆನ್ರಿ ವಿಲಿಯಂ

1729-85. ಅಮೆರಿಕದಲ್ಲಿ ವಸಾಹತು ಕಾಲದ ಗಾಜು ಹಾಗೂ ಕಬ್ಬಿಣದ ಉದ್ಯಮಿ. ಇಂಗ್ಲೆಂಡಿನಿಂದ ಬರುತ್ತಿದ್ದ ಮೇಜುಗಾಜಿಗೆ ಸರಿಸಾಟಿಯಾದ ಸರಕನ್ನು ಅಮೆರಿಕದಲ್ಲಿಯೇ ತಯಾರಿಸಲು ಹೊರಟವರಲ್ಲಿ ಮುಖ್ಯನಾದವ.

ಹುಟ್ಟಿದ್ದು ಜರ್ಮನಿಯ ಕಲೋನ್ ಪ್ರದೇಶದಲ್ಲಿ. 1750ರಲ್ಲಿ ಫಿಲಡೆಲ್ಫಿಯಕ್ಕೆ ವಲಸೆ ಬಂದ. ಪೆನ್ಸಿಲ್ವೇನಿಯದ ಲ್ಯಾಂಕಾಸ್ಟರ್ ಕೌಂಟಿಯಲ್ಲಿ ಕಬ್ಬಿಣದ ಕುಲುಮೆ ನಡೆಸುತ್ತಿದ್ದ ಜೇಕಬ್ ಹ್ಯೂಬರನ ಮಗಳು ಎಲಿಜಬೆತಳನ್ನು 1752ರಲ್ಲಿ ಮದುವೆಯಾದ. ಮುಂದೆ ಆ ಕುಲುಮೆ ಇವನ ಮತ್ತು ಪಾಲುದಾರರ ಕೈಗೆ ಬಂದು ಎಲಿಜಬೆತ್ ಫರ್ನೇಸ್ ಎಂದು ಹೆಸರಾಯಿತು. ಎರಕದ ಒಲೆಗಳ ಮಾರಾಟದಿಂದ ಸಾಕಷ್ಟು ಹಣ ಗಳಿಸಿದ. 1762ರಲ್ಲಿ ಪಾಲುದಾರರೊಡನೆ ಮ್ಯಾನ್‌ಹೈಮ್ ಪಟ್ಟಣವನ್ನು ಸ್ಥಾಪಿಸಿದ.

ಗಾಜಿನ ತಯಾರಿಕೆಯನ್ನು 1763ರಲ್ಲಿ ಕುಲುಮೆಯ ಆವರಣದಲ್ಲಿಯೇ ಆರಂಭಿಸಿದ. ಮೊದಮೊದಲು ತಯಾರಾದದ್ದು ಸೀಸೆಗಳು ಮತ್ತು ಕಿಟಕಿಗಾಜು. 1765ರಲ್ಲಿ ಮ್ಯಾನ್‌ಹೈಮ್‌ನಲ್ಲಿ ಒಂದು ಕಾರ್ಖಾನೆ, 1769ರಲ್ಲಿ ಅದಕ್ಕಿಂತ ದೊಡ್ಡದಾದ ಇನ್ನೊಂದು ಕಾರ್ಖಾನೆ ಎದ್ದವು. ಜರ್ಮನಿ ಮತ್ತು ಇಂಗ್ಲೆಂಡಿನಿಂದ ಬಂದ ಕುಶಲಕರ್ಮಿಗಳು ಇಲ್ಲಿ ದುಡಿದರು. ಸೀಸದ ಆಕ್ಸೈಡ್ ಬೆರೆಸಿ ತಯಾರಿಸುವ ತಿಳಿಯಾದ, ತೂಕದ ಫ್ಲಿಂಟ್ ಗಾಜು ಇವನ ಮುಖ್ಯ ಸಾಧನೆ. ಕಾಯ್ದ ಗಾಜನ್ನು ಮೊದಲು ಚಿತ್ತಾರದ ಅಚ್ಚಿಗೆ ಊದಿ, ಹೊರತೆಗೆದು, ಮತ್ತೆ ಊದಿ ಹಿಗ್ಗಿಸುವ ವಿಧಾನ ಇಲ್ಲಿ ಬಳಕೆಯಲ್ಲಿತ್ತು. ನೀಲಿ ಬಣ್ಣಕ್ಕೆ ಕೋಬಾಲ್ಟನ್ನೂ ನೇರಳೆಗೆ ಮ್ಯಾಂಗನೀಸನ್ನೂ ಬೆರೆಸುತ್ತಿದ್ದರು.

ಬ್ರಿಟಿಷ್ ಪಾರ್ಲಿಮೆಂಟು 1767ರ ಟೌನ್‌ಶೆಂಡ್ ಕಾಯಿದೆಗಳ ಮೂಲಕ ಗಾಜು, ಸೀಸ, ಬಣ್ಣ, ಕಾಗದ ಮತ್ತು ಚಹದ ಮೇಲೆ ಸುಂಕ ಹೇರಿತು. ವಸಾಹತಿನ ವರ್ತಕರು ಆಮದನ್ನು ಬಹಿಷ್ಕರಿಸಿದ್ದರಿಂದ ಸ್ಥಳೀಯ ಗಾಜಿಗೆ ಬೇಡಿಕೆ ಹೆಚ್ಚಿತು. ಸ್ಟೀಗಲ್ ಸಾಲ ತಂದು ಉದ್ಯಮವನ್ನು ಹಿಗ್ಗಿಸಿದ. ಆದರೆ 1770ರಲ್ಲಿ ಚಹವೊಂದನ್ನುಳಿದು ಮಿಕ್ಕ ಸುಂಕಗಳು ರದ್ದಾದವು. ಇಂಗ್ಲೆಂಡಿನ ಗಾಜು ಮತ್ತೆ ಮಾರುಕಟ್ಟೆಗೆ ಬಂತು. ಹಣ ಕೂಡಿಸಲು ನಡೆಸಿದ ಲಾಟರಿಯೂ ಕೈಹಿಡಿಯಲಿಲ್ಲ. 1774ರಲ್ಲಿ ಕಾರ್ಖಾನೆ ಮುಚ್ಚಿತು, ಸ್ಟೀಗಲ್ ಸಾಲಗಾರರ ಸೆರೆಮನೆ ಸೇರಿದ. ಬಿಡುಗಡೆಯಾದ ಮೇಲೂ ಹಿಂದಿನ ಸಿರಿ ಮರಳಲಿಲ್ಲ. 1785ರಲ್ಲಿ ಬಡತನದಲ್ಲಿಯೇ ತೀರಿಕೊಂಡ.

ಆಡಂಬರದ ಬದುಕಿನಿಂದಾಗಿ ಜನ ಇವನನ್ನು ಬ್ಯಾರನ್ ಎಂದು ಕರೆಯುತ್ತಿದ್ದರು. ಆ ಪದವಿ ಇವನಿಗೆ ಇರಲಿಲ್ಲ. ಮ್ಯಾನ್‌ಹೈಮ್‌ನ ಲುಥೆರನ್ ಚರ್ಚಿಗೆ 1772ರಲ್ಲಿ ನಿವೇಶನ ಕೊಟ್ಟಾಗ ಪ್ರತಿವರ್ಷ ಜೂನ್ ತಿಂಗಳಲ್ಲಿ ಒಂದು ಕೆಂಪು ಗುಲಾಬಿಯನ್ನು ಗೇಣಿಯಾಗಿ ಸಲ್ಲಿಸಬೇಕೆಂದು ಗೊತ್ತುಮಾಡಿದ್ದ. ನಿಂತುಹೋಗಿದ್ದ ಈ ಪದ್ಧತಿ 1892ರಲ್ಲಿ ಮತ್ತೆ ಆರಂಭವಾಗಿ, ಸ್ಟೀಗಲನ ವಂಶಜರಿಗೆ ಗುಲಾಬಿ ಸಲ್ಲಿಸುವ ಉತ್ಸವವಾಗಿ ಬೆಳೆದಿದೆ.

ಮ್ಯಾನ್‌ಹೈಮ್‌ನ ಗಾಜಿನ ಮೇಲೆ ತಯಾರಕನ ಗುರುತು ಇರುತ್ತಿರಲಿಲ್ಲ. ಕೆಲಸಗಾರರು ಯುರೋಪಿನ ಮಾದರಿಗಳನ್ನೇ ಅನುಸರಿಸಿದ್ದರಿಂದ ಇಲ್ಲಿಯ ಸರಕನ್ನೂ ಆಮದಾದ ಸರಕನ್ನೂ ಬೇರ್ಪಡಿಸುವುದು ಕಷ್ಟ. ಸಂಗ್ರಾಹಕ ಫ್ರೆಡರಿಕ್ ವಿಲಿಯಂ ಹಂಟರ್ 1914ರಲ್ಲಿ ಪ್ರಕಟಿಸಿದ ಗ್ರಂಥದಿಂದ ಸ್ಟೀಗಲನ ಹೆಸರು ಪ್ರಸಿದ್ಧವಾಯಿತಾದರೂ ಅದರಲ್ಲಿ ಅವನದೆಂದು ಹೇಳಿದ ಎಷ್ಟೋ ವಸ್ತುಗಳ ಮೂಲವನ್ನು ಅನಂತರದ ವಿದ್ವಾಂಸರು ಒಪ್ಪಿಲ್ಲ. ಹೀಗಾಗಿ ವಸ್ತುಸಂಗ್ರಹಾಲಯಗಳು ಇಂಥ ಗಾಜನ್ನು ಸಾಮಾನ್ಯವಾಗಿ ಸ್ಟೀಗಲ್ ಮಾದರಿ ಎಂದಷ್ಟೇ ನಮೂದಿಸುತ್ತವೆ.