ದೃಷ್ಟಿವಿವರವೂ ಅಸಿಟೈಲ್‌ಕೋಲಿನ್ ದ್ರವ್ಯವೂ

ವಿಜಾಪುರ ಸೀಮೆಯಲ್ಲಿ ಕಣ್ಣಿನ ಪೊರೆಯ ಶಸ್ತ್ರಕ್ರಿಯೆಯೆಂದೊಡನೆ ನೆನಪಿಗೆ ಬರುವವರು ಬೀಳಗಿಯವರಾದ ಡಾ. ಎಂ. ಸಿ. ಮೋದಿಯವರು. 1943ರಿಂದ ಹಳ್ಳಿಗಳಲ್ಲಿ ನೇತ್ರಶಿಬಿರಗಳನ್ನು ನಡೆಸಿದ ಇವರು 1993ರ ಫೆಬ್ರುವರಿಯ ವೇಳೆಗೆ 6,10,564 ಶಸ್ತ್ರಕ್ರಿಯೆಗಳನ್ನು ಮಾಡಿದ್ದರೆಂದು ಗಿನ್ನೆಸ್ ದಾಖಲೆಗ್ರಂಥವು ತಿಳಿಸುತ್ತದೆ, 2005ರಲ್ಲಿ ದಿವಂಗತರಾದರು. ಇಂಥವರನ್ನು ಸುಶ್ರುತನ ಪರಂಪರೆಗೆ ಸೇರಿಸಿ ಹೊಗಳುವುದು ಸಹಜವೇ ಸರಿ. ಆದರೆ ಪ್ರಶಂಸೆ ಬೇರೆ, ಚರಿತ್ರೆ ಬೇರೆ.

ಸುಶ್ರುತಸಂಹಿತೆಯ ಉತ್ತರತಂತ್ರವು ದೃಷ್ಟಿಯನ್ನು ಮಸೂರದಳಪ್ರಮಾಣವುಳ್ಳದ್ದೆಂದೂ ವಿವರಾಕಾರವಾದದ್ದೆಂದೂ ವರ್ಣಿಸುತ್ತದೆ. ವಿವರವೆಂದರೆ ರಂಧ್ರ, ಆದಕಾರಣ ಅಲ್ಲಿ ದೃಷ್ಟಿಶಬ್ದಕ್ಕೆ ಕಣ್ಣಪಾಪೆಯೆಂದು ಅರ್ಥಮಾಡುವುದು ಯುಕ್ತ. (ಇಂದಿನ ವಿಜ್ಞಾನಗ್ರಂಥಗಳ ‘ಮಸೂರ’ವು ಪಾಪೆಯ ಹಿಂದಿರುವ ಬೇರೊಂದು ಅಂಗ, ವಿದ್ಯಾರ್ಥಿಗಳು ಇಲ್ಲಿ ಎಡವಬಾರದು.) ಲಿಂಗನಾಶದಲ್ಲಿ ಯವವಕ್ತ್ರ ಶಲಾಕೆಯಿಂದ ಕಣ್ಣನ್ನು ವೇಧಿಸಿ ಸ್ತನ್ಯವನ್ನು ಸೇಚಿಸುವ ವಿಧಿಯೂ ಅಲ್ಲಿಯೇ ಉಂಟು. ಆ ಕ್ರಮದಲ್ಲಿ ಕದಡಿದ ಮಸೂರವು ಹೊರಬರದೆ ಕಣ್ಣೊಳಗೇ ಸರಿದು ನಿಲ್ಲುತ್ತಿತ್ತು. ಮಸೂರವನ್ನು ತೆಗೆದ ಬಳಿಕ ಪಾಪೆಯನ್ನು ಕುಗ್ಗಿಸಬೇಕೆಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ.

ಪಾಪೆಯನ್ನು ಕುಗ್ಗಿಸುವ ಸ್ನಾಯುವಿಗೆ ನರದ ತುದಿಯು ಒಂದು ದ್ರವ್ಯದ ಮೂಲಕ ಆಜ್ಞೆಯನ್ನು ಮುಟ್ಟಿಸುತ್ತದೆ, ಅದೇ ಅಸಿಟೈಲ್‌ಕೋಲಿನ್. ಇದರ ಗುಣಗಳನ್ನು 1914ರಲ್ಲಿ ಹೆನ್ರಿ ಡೇಲ್ ವಿವರಿಸಿದನು. 1921ರಲ್ಲಿ ಆಟೊ ಲೋವಿಯು ಒಂದು ಕಪ್ಪೆಯ ಹೃದಯದ ನರವನ್ನು ಪ್ರಚೋದಿಸಿ, ಅದರ ಸುತ್ತಲಿನ ದ್ರವವನ್ನು ಮತ್ತೊಂದು ಹೃದಯಕ್ಕೆ ಹಾಯಿಸಿದನು. ಅದರ ಬಡಿತವೂ ನಿಧಾನವಾಯಿತು. ನರವು ರಾಸಾಯನಿಕ ದೂತನನ್ನು ಕಳುಹಿಸುವುದೆಂಬುದಕ್ಕೆ ಇದು ಪ್ರಮಾಣವಾಯಿತು. 1936ರ ನೊಬೆಲ್ ಪಾರಿತೋಷಕವು ಇಬ್ಬರಿಗೂ ಸಂದಿತು. ಉಮ್ಮತ್ತಿಯಲ್ಲಿರುವ ವಿಷವು ಈ ದೂತನನ್ನೇ ತಡೆಯುವುದರಿಂದ ಪಾಪೆ ಹಿಗ್ಗುತ್ತದೆ. ಉನ್ಮತ್ತವೆಂಬ ಸಂಸ್ಕೃತ ನಾಮವು ಅದರ ಮದವನ್ನು ಹೇಳುತ್ತದೆಯೇ ಹೊರತು ಈ ಕಾರಣವನ್ನಲ್ಲ.

ಮಸೂರವನ್ನು ತೆಗೆಯಲು ಪಾಪೆ ಹಿಗ್ಗಿರಬೇಕು. ತೆಗೆದ ಮೇಲೆ, ಅಥವಾ ಕೃತಕಮಸೂರವನ್ನಿಟ್ಟ ಮೇಲೆ, ಬೇಗನೆ ಕುಗ್ಗುವುದು ಒಳ್ಳೆಯದು. ಅಸಿಟೈಲ್‌ಕೋಲಿನ್ನನ್ನು ಕಣ್ಣಿನ ಮೇಲೆ ಹನಿಸಿದರೆ ಪ್ರಯೋಜನವಿಲ್ಲ. ಒಳಸೇರುವ ಮೊದಲೇ ದೇಹದ ಕಿಣ್ವವು ಅದನ್ನು ಒಡೆದುಬಿಡುತ್ತದೆ. ಶೇಕಡಾ 1ರ ದ್ರಾವಣವನ್ನು ಕಣ್ಣೊಳಗೇ ಹಾಯಿಸಿದರೆ ಕೆಲವೇ ಕ್ಷಣಗಳಲ್ಲಿ ಪಾಪೆ ಮುದುಡುತ್ತದೆ. ಪರಿಣಾಮವು ಕೆಲವು ನಿಮಿಷಗಳ ಕಾಲ ಮಾತ್ರ. ನೀರಿನಲ್ಲಿ ಬಹುಕಾಲ ನಿಲ್ಲದ ದ್ರವ್ಯವಾದ್ದರಿಂದ ಪುಡಿಯನ್ನು ಬೇರೆಯಾಗಿಟ್ಟು ಪ್ರಯೋಗದ ವೇಳೆಗೆ ಕಲಸುತ್ತಾರೆ. ಆಮ್ಸ್ಲರ್, ವೆರ್ರೇ ಎಂಬಿಬ್ಬರು ಈ ಪ್ರಯೋಗವನ್ನು ಪ್ರಕಟಿಸಿದ್ದು 1949ರಲ್ಲಿ. ಮೋದಿಯವರು ಸೇವೆಯನ್ನಾರಂಭಿಸಿ ಆಗಲೇ ಆರು ವರ್ಷಗಳಾಗಿದ್ದುವು.